ಫೈಲು ಒಪ್ಪಿಸುವ ಮುನ್ನ

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮೂಟೆ ಕಟ್ಟಿ ಮಂಡಿಗೆ ಕಳಿಸಿ, ಪಟ್ಟಿ ಕೈಗೆ ಬಂದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳ ಜಗುಲಿಯಲ್ಲಿ ವರ್ಷದ ದೊಡ್ಡ ಲೆಕ್ಕಗಳು ನಡೆಯುತ್ತವೆ. ಸೊಸೈಟಿಯ ಸಾಲವೆಷ್ಟು, ಆಳಿನ ಬಾಕಿಯೆಷ್ಟು, ಮನೆಯ ಮಾಡು ಈ ವರ್ಷ ರಿಪೇರಿಯೋ ಮುಂದಿನ ವರ್ಷವೋ ಎಂಬ ಹಳೆಯ ಬಾಬ್ತುಗಳ ಜೊತೆಗೆ ಈಗ ಹೊಸದೊಂದು ಸೇರಿಕೊಂಡಿದೆ. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸುವ ಖರ್ಚು.

ಇದಕ್ಕೆ ಕಾರಣ ಬರೀ ಡಾಲರಿನ ಆಸೆಯಲ್ಲ. ಹಳದಿ ಎಲೆ ರೋಗ ಈ ಮೂರು ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಾ ಬಂದಿದೆ. ಅದರ ಮೇಲೆ ಎಲೆಚುಕ್ಕೆ ರೋಗವೂ ಬಂದು ಕೂತಿದೆ. ತೋಟವನ್ನೇ ನಂಬಿ ಮಗ ಉಳಿಯಲಿ ಎಂದು ಹೇಳುವ ಧೈರ್ಯ ಅನೇಕ ತಂದೆಯರಿಗೆ ಇಲ್ಲವಾಗಿದೆ. ಹಾಗಾಗಿ, ಉಳಿದಿರುವ ತೋಟವನ್ನು ಅಡವಿಟ್ಟಾದರೂ ಮಗನಿಗೊಂದು ದಾರಿ ಮಾಡೋಣ ಎಂದು ಹೊರಟಾಗ ಆ ದಾರಿಯ ಬಾಗಿಲಲ್ಲಿ ನಿಂತಿರುವ ಏಜೆಂಟನನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಒಂದು ಮನೆಯ ಚಿತ್ರ ಹೀಗಿದೆ ಎಂದಿಟ್ಟುಕೊಳ್ಳಿ. ಹುಡುಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾನೆ. ಸ್ವಂತದ್ದೊಂದು ಸಾಫ್ಟ್‌ವೇರ್ ಕಂಪೆನಿ ಮಾಡಬೇಕೆಂಬ ಹಂಬಲ. ಹೊರದೇಶದಲ್ಲಿ ಎಂ.ಎಸ್. ಮಾಡಲು ವಿಚಾರಿಸಲೆಂದು ಒಂದು ಕನ್ಸಲ್ಟೆನ್ಸಿಯ ಮೆಟ್ಟಿಲು ಹತ್ತಿದಾಗ ಅಲ್ಲಿನವರು ಬೇರೆಯೇ ರಾಗ ತೆಗೆಯುತ್ತಾರೆ. "ಎರಡು ವರ್ಷ ಫೀಸು ಕಟ್ಟಿ ಯಾಕೆ ಓದ್ತೀರಿ? ನಿಮ್ಮ ಹತ್ರ ಐಡಿಯಾ ಇದೆ, ಅಪ್ಪನ ಹತ್ರ ಜಮೀನಿದೆ. ಬಿಸಿನೆಸ್ ವೀಸಾ ಮಾಡಿಸಿ ಕೊಡ್ತೀವಿ, ಫ್ಯಾಮಿಲಿ ಸಮೇತ ಸೆಟ್ಲ್ ಆಗ್ಬಹುದು. ಫೈಲು ನಮಗೆ ಬಿಡಿ." ಹುಡುಗ ಅದೇ ರಾತ್ರಿ ಬಸ್ಸು ಹತ್ತಿ ಬೆಳಗಾಗುವಾಗ ಊರಿನಲ್ಲಿ ಇಳಿಯುತ್ತಾನೆ. "ಅಪ್ಪಯ್ಯ, ಮೊದಲ ಕಂತು ಮೂರು ಲಕ್ಷವಂತೆ. ಗ್ಯಾರಂಟಿ ಅಂತಾರೆ."

ಈ ಅಪ್ಪಯ್ಯ ಸಾಮಾನ್ಯದವರಲ್ಲ. ಅಡಿಕೆಯ ಮೂಟೆ ಬಿಚ್ಚಿದರೆ ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಎಷ್ಟು ಸೇರಿದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲವರು. ಪರಿಚಯವಿಲ್ಲದ ಮಂಡಿಗೆ ಒಂದು ಮೂಟೆಯನ್ನೂ ಕಳಿಸುವವರಲ್ಲ. ತೂಕ, ದರ, ದಲಾಲಿ, ಹಮಾಲಿ ಎಲ್ಲವೂ ಬರೆದ ಪಟ್ಟಿ ಬಾರದೆ ಲೆಕ್ಕ ಮುಗಿಸುವವರಲ್ಲ. ಆದರೆ ಮಗನ ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಮೂಲ ಅಂಕಪಟ್ಟಿಗಳು, ತೋಟದ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ಇವಿಷ್ಟನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ, ಹೆಸರೂ ಸರಿಯಾಗಿ ತಿಳಿಯದವರ ಮೇಜಿನ ಮೇಲೆ ಇಟ್ಟು ಬರಲು ಅವರೂ ಒಪ್ಪಿಬಿಡುತ್ತಾರೆ. ವಿಷಯ ಇಂಗ್ಲಿಷಿನಲ್ಲಿದೆ, ಕಚೇರಿಗೆ ಹವಾನಿಯಂತ್ರಣವಿದೆ ಎಂಬ ಎರಡು ಕಾರಣಕ್ಕೆ.

ಯಾವ 'ಬಿಸಿನೆಸ್ ವೀಸಾ'?

ಮೊದಲು ಆ ಪದವನ್ನೇ ಬಿಚ್ಚಿ ನೋಡಬೇಕು. ಬಿಸಿನೆಸ್ ವೀಸಾ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಒಂದು, ಸಭೆಗೆ ಹೋಗಿ, ವ್ಯವಹಾರ ಮಾತಾಡಿ, ಕರಾರಿಗೆ ಸಹಿ ಹಾಕಿ ವಾಪಸು ಬರುವುದಕ್ಕೆ ಕೊಡುವ ಅಲ್ಪಾವಧಿಯ ವೀಸಾ. ಅಮೆರಿಕದ ಬಿ-1 ಈ ಜಾತಿಯದು. ಅದರಲ್ಲಿ ಹೋದವರು ಅಲ್ಲಿ ನೌಕರಿ ಮಾಡುವಂತಿಲ್ಲ, ಅಂಗಡಿ ಇಟ್ಟು ಕೂರುವಂತಿಲ್ಲ. ಇನ್ನೊಂದು, ಆ ದೇಶದಲ್ಲೇ ನೆಲೆಸಿ ಸ್ವಂತ ಉದ್ಯಮ ನಡೆಸಲು ಕೊಡುವ ಉದ್ಯಮಿಗಳ ವೀಸಾ. ಇದರ ಷರತ್ತುಗಳೇ ಬೇರೆ, ಕಷ್ಟವೂ ಬೇರೆ. ಎರಡನೆಯದರ ಆಸೆ ತೋರಿಸಿ ಮೊದಲನೆಯದನ್ನು ಕೈಗಿಡುವ ಏಜೆಂಟರಿದ್ದಾರೆ.

ಈ ಗೆರೆ ಎಷ್ಟು ನಾಜೂಕಿನದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಬಿ-1 ವೀಸಾದಲ್ಲಿ ಕಳಿಸಿದ ನೌಕರರಿಂದ ಆ ವೀಸಾಕ್ಕೆ ಸಲ್ಲದ ಕೆಲಸ ಮಾಡಿಸಲಾಗಿದೆ ಎಂಬ ಆರೋಪದ ಮೇಲೆ ಅಮೆರಿಕ ಸರ್ಕಾರ ನಡೆಸಿದ ತನಿಖೆ 2013ರ ಅಕ್ಟೋಬರಿನಲ್ಲಿ ಇತ್ಯರ್ಥವಾದಾಗ, ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ 3 ಕೋಟಿ 40 ಲಕ್ಷ ಡಾಲರ್ ತೆರಬೇಕಾಯಿತು. ವೀಸಾ ದುರುಪಯೋಗದ ಆರೋಪವನ್ನು ಸಂಸ್ಥೆ ಒಪ್ಪಲಿಲ್ಲ. ವಕೀಲರ ಪಡೆಯನ್ನೇ ಇಟ್ಟುಕೊಂಡ ಸಂಸ್ಥೆಗೆ ಹೀಗಾದರೆ ಒಂಟಿಯಾಗಿ ಹೋದ ಹುಡುಗನ ಗತಿ ಏನೆಂದು ಯೋಚಿಸಬಹುದು.

ಇನ್ನು ಎರಡನೆಯ ಜಾತಿಯ ವೀಸಾ. ಇಲ್ಲಿ ಏಜೆಂಟನ ತಿಳಿವಳಿಕೆಯನ್ನು ಅಳೆಯಲು ಎರಡು ಸುಲಭದ ಪ್ರಶ್ನೆಗಳಿವೆ. ಬ್ರಿಟನ್ನಿನಲ್ಲಿ ಉದ್ಯಮ ಆರಂಭಿಸಲು ಎಷ್ಟು ಹಣ ಹೂಡಬೇಕು ಎಂದು ಕೇಳಿ ನೋಡಬೇಕು. "ಎರಡು ಲಕ್ಷ ಪೌಂಡ್" ಎಂದರೆ ಅವರು 2019ರ ಮಾರ್ಚಿನಲ್ಲೇ ಮುಚ್ಚಿಹೋದ ಯೋಜನೆಯ ಹಳೆಯ ಕರಪತ್ರ ಓದುತ್ತಿದ್ದಾರೆ ಎಂದರ್ಥ. "ಐವತ್ತು ಸಾವಿರ" ಎಂದರೆ ಅದರ ನಂತರ ಬಂದ ಯೋಜನೆಯದು. 2023ರ ಏಪ್ರಿಲಿನಲ್ಲಿ ಬಂದ ಇನ್ನೋವೇಟರ್ ಫೌಂಡರ್ ವೀಸಾದಲ್ಲಿ ಕನಿಷ್ಠ ಹೂಡಿಕೆಯ ಮೊತ್ತವೇ ಇಲ್ಲ. ಬದಲಿಗೆ, ಅಲ್ಲಿನ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯೊಂದು ಹುಡುಗನ ಯೋಜನೆಯನ್ನು ಪರಿಶೀಲಿಸಿ ಇದು ಹೊಸದು, ನಡೆಯುವಂಥದ್ದು, ಬೆಳೆಯುವಂಥದ್ದು ಎಂದು ಪತ್ರ ಕೊಡಬೇಕು. ಅಂದರೆ ಜಮೀನು ಎಷ್ಟಿದೆ ಎಂಬುದಕ್ಕಿಂತ ತಲೆಯಲ್ಲಿ ಏನಿದೆ ಎಂಬುದು ಮುಖ್ಯ. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬಿಸಿನೆಸ್ ಪ್ಲಾನ್ ಬರೆದುಕೊಡುವ ಏಜೆಂಟ್ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಾನೆ. ತಾನು ಬರೆಯದ ಯೋಜನೆಯನ್ನು ಹುಡುಗ ಪರಿಶೀಲಕರ ಮುಂದೆ ಸಮರ್ಥಿಸುವುದಾದರೂ ಹೇಗೆ?

ಎರಡನೆಯ ಪ್ರಶ್ನೆ ಅಮೆರಿಕದ್ದು. ಅಲ್ಲಿ ಸಣ್ಣ ಉದ್ಯಮಿಗಳಿಗೆಂದು ಇ-2 ಎಂಬ ವೀಸಾ ಇದೆ. ಆದರೆ ಅದು ಅಮೆರಿಕದೊಂದಿಗೆ ತಕ್ಕ ಒಪ್ಪಂದವಿರುವ ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತ ಆ ಪಟ್ಟಿಯಲ್ಲಿಲ್ಲ. ಭಾರತೀಯ ಪಾಸ್‌ಪೋರ್ಟಿನ ಮೇಲೆ ಇ-2 ಮಾಡಿಸಿಕೊಡುತ್ತೇವೆ ಎನ್ನುವವರ ಕಚೇರಿಯಲ್ಲಿ ಕಾಫಿ ಕುಡಿದು ಎದ್ದು ಬರುವುದೇ ಕ್ಷೇಮ.

ಹೆಸರು ಬರೆಯುವವನು ಯಾರು?

ನಿಜವಾದ ವೃತ್ತಿಪರನನ್ನು ಗುರುತಿಸುವುದು ಹೇಗೆಂಬುದಕ್ಕೆ ಉತ್ತರ ಅರ್ಜಿಯಲ್ಲೇ ಇದೆ. ಕೆನಡಾದ ವೀಸಾಕ್ಕೆ ಹಣ ಪಡೆದು ನೆರವಾಗುವವರು ಅಲ್ಲಿನ ವಕೀಲರಾಗಿರಬೇಕು ಅಥವಾ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರಾಗಿರಬೇಕು. ಇದು ಪಾಠ ಹೇಳುವ ಕಾಲೇಜಲ್ಲ, 2021ರ ನವೆಂಬರಿನಲ್ಲಿ ಕೆಲಸ ಆರಂಭಿಸಿದ ನಿಯಂತ್ರಣ ಸಂಸ್ಥೆ. ಪ್ರತಿನಿಧಿಯ ಹೆಸರು, ಸದಸ್ಯತ್ವ ಸಂಖ್ಯೆ ಬರೆಯಲು ಪ್ರತ್ಯೇಕ ನಮೂನೆಯೇ ಇದೆ. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ವಲಸೆ ಏಜೆಂಟರಿಗೆ ಏಳು ಅಂಕಿಯ ಸಂಖ್ಯೆ ಕೊಡುತ್ತಾರೆ. ಬ್ರಿಟನ್ನಿನಲ್ಲಿ 1999ರ ಕಾನೂನಿನ ಪ್ರಕಾರ ಅರ್ಹತೆಯಿಲ್ಲದೆ ವಲಸೆ ಸಲಹೆ ಕೊಡುವುದು ಅಪರಾಧ. ಅಮೆರಿಕದಲ್ಲಾದರೆ ವಕೀಲನಿಗೆ ಆಯಾ ರಾಜ್ಯದ ಬಾರ್ ಸಂಖ್ಯೆ ಇರುತ್ತದೆ. ಅಲ್ಲಿನ ವೀಸಾ ಅರ್ಜಿ ಡಿಎಸ್-160ರಲ್ಲಿ, ಇದನ್ನು ತುಂಬಲು ಯಾರಾದರೂ ನೆರವಾದರೇ ಎಂಬ ಪ್ರಶ್ನೆಯೂ ಇದೆ.

ಈ ಪಟ್ಟಿಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಹೆಸರು ಮತ್ತು ಸಂಖ್ಯೆ ಹಾಕಿದರೆ ಆ ವ್ಯಕ್ತಿ ಇದ್ದಾನೋ ಇಲ್ಲವೋ, ಅಮಾನತಾಗಿದ್ದಾನೋ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. "ನಮ್ಮ ಲಂಡನ್ ಪಾರ್ಟ್ನರ್ ಇದನ್ನೆಲ್ಲ ನೋಡ್ಕೊಳ್ತಾರೆ" ಎಂದರೆ ಆ ಪಾರ್ಟ್ನರಿನ ಹೆಸರು, ಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ಅರ್ಜಿಯಲ್ಲಿ ತಮ್ಮ ಹೆಸರನ್ನು ಪ್ರತಿನಿಧಿಯೆಂದು ನಮೂದಿಸುತ್ತೀರಾ ಎಂದು ಕೇಳಿದಾಗ ಮಾತು ಮರೆಸುವವರು ಅರ್ಜಿ ತಿರಸ್ಕೃತವಾದ ದಿನವೂ ಹಾಗೇ ಮರೆಯಾಗುತ್ತಾರೆ.

ಇದು ಬರೀ ಅನುಮಾನದ ಮಾತಲ್ಲ. 2023ರಲ್ಲಿ ಕೆನಡಾದಲ್ಲಿದ್ದ ನೂರಾರು ಭಾರತೀಯ ವಿದ್ಯಾರ್ಥಿಗಳಿಗೆ, ಹೆಚ್ಚಿನವರು ಪಂಜಾಬಿನವರು, ಗಡೀಪಾರಿನ ಭೀತಿ ಎದುರಾಯಿತು. ವರ್ಷಗಳ ಹಿಂದೆ ಅವರು ವೀಸಾಕ್ಕೆ ಲಗತ್ತಿಸಿದ್ದ ಕಾಲೇಜು ಪ್ರವೇಶ ಪತ್ರಗಳು ನಕಲಿ ಎಂದು ಹೊರಬಿದ್ದಿತ್ತು. ಪತ್ರ ಕೊಟ್ಟವನು ಜಲಂಧರದ ಏಜೆಂಟ್. ಅರ್ಜಿಗಳಲ್ಲಿ ಅವನ ಹೆಸರಿರಲಿಲ್ಲ. ವಿದ್ಯಾರ್ಥಿಗಳು ತಾವೇ ಸಲ್ಲಿಸಿದಂತೆ ಸಹಿ ಅವರದೇ ಇತ್ತು. ಓದು ಮುಗಿಸಿ ಕೆಲಸಕ್ಕೆ ಸೇರಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ ಮೇಲೆ ಕೆಲವರಿಗೆ ಈ ಸಂಗತಿ ಗೊತ್ತಾಯಿತು. ಏಜೆಂಟನಿಗೆ 2024ರಲ್ಲಿ ಕೆನಡಾದ ನ್ಯಾಯಾಲಯ ಮೂರು ವರ್ಷದ ಶಿಕ್ಷೆ ವಿಧಿಸಿತು. ಆ ವಿದ್ಯಾರ್ಥಿಗಳು ಕಳೆದ ವರ್ಷಗಳನ್ನು ಯಾವ ನ್ಯಾಯಾಲಯ ತಂದುಕೊಡಬೇಕು? ಅದಕ್ಕೂ ಮುಂಚೆ 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಎಂಬ ಹೆಸರಿನ ನಕಲಿ ಸಂಸ್ಥೆ ಮುಚ್ಚಿದಾಗ ಭಾರತೀಯ ವಿದ್ಯಾರ್ಥಿಗಳ ಕಾಲಿಗೆ ನಿಗಾ ಪಟ್ಟಿ ಕಟ್ಟಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದವರು ಮರೆತಿರಲಾರರು.

ವೀಸಾದ ಕಾನೂನು ಅರ್ಜಿದಾರನನ್ನು ಹಿಡಿಯುತ್ತದೆ, ಬರೆದುಕೊಟ್ಟವನನ್ನಲ್ಲ. ಸುಳ್ಳು ಮಾಹಿತಿಗೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಅದು ಹತ್ತು ವರ್ಷದವರೆಗೂ ಹೋಗಬಹುದು. ಅಮೆರಿಕದಲ್ಲಿ ಈ ಕಳಂಕಕ್ಕೆ ಅವಧಿಯೇ ಇಲ್ಲ. ನನಗೆ ಗೊತ್ತಿರಲಿಲ್ಲ, ಏಜೆಂಟ್ ಮಾಡಿದ್ದು ಎಂಬ ಮಾತು ಅಲ್ಲಿ ಸುಲಭವಾಗಿ ನಡೆಯುವುದಿಲ್ಲ.

ಹಾಗಾದರೆ ನಮ್ಮ ದೇಶದ ಕಾನೂನು ಏನು ಮಾಡುತ್ತದೆ? 1983ರ ಎಮಿಗ್ರೇಷನ್ ಕಾಯಿದೆಯ ಪ್ರಕಾರ ಹೊರದೇಶದ ನೌಕರಿಗೆ ಜನರನ್ನು ಕಳಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಇ-ಮೈಗ್ರೇಟ್ ತಾಣದಲ್ಲಿ ಅವರ ಪಟ್ಟಿಯಿದೆ. ನರಸಿಂಹರಾಜಪುರದ ಕಡೆಯಿಂದ ನರ್ಸಿಂಗ್ ಓದಿ ಹೊರಡುವ ಹೆಣ್ಣುಮಕ್ಕಳ ತಂದೆತಾಯಂದಿರು ಇದನ್ನು ಮುಖ್ಯವಾಗಿ ತಿಳಿದಿರಬೇಕು. 2015ರಲ್ಲಿ ಪಕ್ಕದ ಕೇರಳದಲ್ಲಿ ಸಿಬಿಐ ಹಿಡಿದ ಪ್ರಕರಣದಲ್ಲಿ, ಕುವೈತಿನ ನರ್ಸ್ ಕೆಲಸಕ್ಕೆ 19,500 ರೂಪಾಯಿ ಪಡೆಯಬೇಕಾದಲ್ಲಿ ತಲಾ ಹತ್ತೊಂಬತ್ತೂವರೆ ಲಕ್ಷ ಪಡೆದ ಆರೋಪವಿತ್ತು. ಆದರೆ ಓದಿಗೆ ಅಥವಾ ಸ್ವಂತ ಉದ್ಯಮಕ್ಕೆ ಹೋಗುವವರ ಸಲಹೆಗಾರರು ಈ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಜಿಎಸ್‌ಟಿ ಪತ್ರ ತೆರಿಗೆಯ ದಾಖಲೆ, ವೀಸಾ ತಿಳಿದಿದೆ ಎಂಬುದರ ಸರ್ಟಿಫಿಕೇಟಲ್ಲ.

ತೋಟದ ಲೆಕ್ಕ, ಬ್ಯಾಂಕಿನ ಲೆಕ್ಕ

ಮಲೆನಾಡಿನ ಕುಟುಂಬಗಳಿಗೆ ಒಂದು ವಿಶೇಷ ತೊಂದರೆಯಿದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಅನೇಕರು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ವೀಸಾ ಅಧಿಕಾರಿಗೆ ಐದು ಎಕರೆ ತೋಟದ ಬೆಲೆ ಗೊತ್ತಿಲ್ಲ, ಗೊತ್ತಿರುವುದು ಬ್ಯಾಂಕಿನ ಪುಸ್ತಕ. ಒಳ್ಳೆಯ ಸಲಹೆಗಾರ ಇಲ್ಲಿ ಪಹಣಿ, ಹಲವು ವರ್ಷದ ಮಂಡಿಯ ಪಟ್ಟಿಗಳು, ಆ ಹಣ ಬ್ಯಾಂಕಿಗೆ ಬಂದ ದಾಖಲೆ, ಸಾಲ ಮಂಜೂರಾತಿ ಪತ್ರ ಇವನ್ನು ಒಂದರ ಪಕ್ಕ ಒಂದಿಟ್ಟು, ಇಂಗ್ಲಿಷಿಗೆ ಭಾಷಾಂತರ ಮಾಡಿಸಿ, ಓದುವವರಿಗೆ ಅರ್ಥವಾಗುವಂತೆ ಜೋಡಿಸುತ್ತಾನೆ. ಕೆಟ್ಟ ಸಲಹೆಗಾರ "ಹದಿನೈದು ದಿನಕ್ಕೆ ಇಪ್ಪತ್ತು ಲಕ್ಷ ಅಕೌಂಟಿಗೆ ಹಾಕಿಸ್ತೀವಿ, ಬಡ್ಡಿ ಮಾತ್ರ ಕೊಡಿ" ಎನ್ನುತ್ತಾನೆ. ಬ್ರಿಟನ್ನಿನಂಥ ದೇಶ ಹಣ ಸತತ 28 ದಿನ ಖಾತೆಯಲ್ಲಿರಬೇಕೆಂದು ಕೇಳುವುದು ಸುಮ್ಮನೆ ಅಲ್ಲ. ಏಕಾಏಕಿ ಬಂದು ಬಿದ್ದ ದುಡ್ಡು ಎಲ್ಲಿಂದ ಬಂತೆಂದು ವೀಸಾ ಅಧಿಕಾರಿಗಳು ಕೇಳಬಹುದು.

ಚಾರ್ಟರ್ಡ್ ಅಕೌಂಟೆಂಟರ ಆಸ್ತಿ ಮೌಲ್ಯದ ಸರ್ಟಿಫಿಕೇಟನ್ನು ಏಜೆಂಟನೇ ತರಿಸಿಕೊಟ್ಟರೆ ಅದರ ಮೇಲಿನ 18 ಅಂಕಿಯ ಯುಡಿಐಎನ್ ಸಂಖ್ಯೆಯನ್ನು ಲೆಕ್ಕಪರಿಶೋಧಕರ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಬೇಕು. 2019ರಿಂದ ಇದು ಕಡ್ಡಾಯ. ಅದಕ್ಕಿಂತ ಊರಿನ ಲೆಕ್ಕ ಬಲ್ಲ ಆಡಿಟರ ಹತ್ತಿರ ಮಾಡಿಸುವುದೇ ಉತ್ತಮ. ನಾಳೆ ಫೋನು ಬಂದರೆ ಉತ್ತರ ಕೊಡುವವರು ಅವರೇ ತಾನೇ?

ಶುಲ್ಕದ ವಿಷಯದಲ್ಲಿ ಒಂದು ಗುಟ್ಟನ್ನು ವಿದ್ಯಾರ್ಥಿಗಳು ತಿಳಿದಿರಬೇಕು. "ನಮ್ಮ ಸೇವೆ ಉಚಿತ" ಎನ್ನುವ ಶಿಕ್ಷಣ ಸಲಹೆಗಾರರಿಗೆ ಹೊರದೇಶದ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುತ್ತವೆ. ಅದರಲ್ಲಿ ತಪ್ಪೇನಿಲ್ಲ, ದಲಾಲಿಯಿಲ್ಲದೆ ಮಂಡಿಯೂ ನಡೆಯುವುದಿಲ್ಲ. ಆದರೆ ಅವರು ಹೇಳುವ ಕಾಲೇಜು ಹುಡುಗನಿಗೆ ಒಪ್ಪುವುದೋ ಕಮಿಷನ್ನಿಗೆ ಒಪ್ಪುವುದೋ ಎಂದು ವಿಚಾರಿಸುವುದು ಪಾಲಕರ ಕೆಲಸ. ಹಣ ಪಡೆದು ಕೆಲಸ ಮಾಡುವವರ ಜೊತೆ ಕರಾರು ಬರೆಸಿಕೊಳ್ಳಬೇಕು. ಯಾವ ವೀಸಾ, ಯಾವ ಕೆಲಸಕ್ಕೆ ಎಷ್ಟು, ರಾಯಭಾರ ಕಚೇರಿಯ ಶುಲ್ಕ ಇದರಲ್ಲಿ ಸೇರಿದೆಯೋ, ತಿರಸ್ಕೃತವಾದರೆ ಎಷ್ಟು ವಾಪಸು ಇವೆಲ್ಲ ಅದರಲ್ಲಿರಬೇಕು. ಹಣ ಸಂಸ್ಥೆಯ ಖಾತೆಗೇ ಹೋಗಬೇಕು, ಯಾರದೋ ಮೊಬೈಲ್ ಸಂಖ್ಯೆಗಲ್ಲ. 'ಗ್ಯಾರಂಟಿ' ಎಂಬ ಪದ ಬಂದಲ್ಲಿ ಎಚ್ಚರವಾಗಬೇಕು. ವೀಸಾ ಕೊಡುವುದು ಬಿಡುವುದು ಆ ದೇಶದ ಅಧಿಕಾರಿಯ ಕೈಯಲ್ಲಿದೆ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರಗಳು ಕೂಡ ಅರ್ಜಿ, ಬೆರಳಚ್ಚು ಪಡೆದು ಮುಂದೆ ಕಳಿಸುತ್ತವೆಯೇ ಹೊರತು ತೀರ್ಮಾನಿಸುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಇಮೇಲ್ ವಿಳಾಸ. ವೀಸಾ ಖಾತೆಯನ್ನು ಏಜೆಂಟ್ ತನ್ನ ಇಮೇಲಿನಿಂದ ತೆರೆದರೆ ರಾಯಭಾರ ಕಚೇರಿ ಬರೆದ ಪತ್ರ, ಕೇಳಿದ ವಿವರಣೆ, ತಿರಸ್ಕಾರದ ಕಾರಣ ಯಾವುದೂ ಹುಡುಗನಿಗೆ ತಲುಪುವುದಿಲ್ಲ. ಖಾತೆ, ಪಾಸ್‌ವರ್ಡ್ ಎರಡೂ ಅರ್ಜಿದಾರನ ಕೈಯಲ್ಲೇ ಇರಬೇಕು. ಸಲ್ಲಿಸುವ ಮುನ್ನ ಅರ್ಜಿಯ ಪ್ರತಿ ಪುಟವನ್ನೂ ಹುಡುಗ ಓದಬೇಕು. ಖಾಲಿ ನಮೂನೆಗೆ ಸಹಿ ಹಾಕಬಾರದು. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಮನೆಗೆ ತರಬೇಕು.

ಇಷ್ಟೆಲ್ಲ ಓದಿದ ಮೇಲೆ, ಏಜೆಂಟ್ ಬೇಕೇ ಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಪಾಸ್‌ಪೋರ್ಟಿಗೆ ಖಂಡಿತ ಬೇಡ. ಸರ್ಕಾರದ ತಾಣದಲ್ಲಿ 1,500 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಪ್ರವೇಶ ಪತ್ರ, ಹಣದ ದಾಖಲೆ ಸರಿಯಿದ್ದರೆ ವಿದ್ಯಾರ್ಥಿ ವೀಸಾವನ್ನೂ ಇಂಗ್ಲಿಷ್ ಚೆನ್ನಾಗಿ ಓದಬಲ್ಲ ಹುಡುಗ ತಾನೇ ಸಲ್ಲಿಸಬಲ್ಲ. ಉದ್ಯಮಿಗಳ ವೀಸಾ, ಒಮ್ಮೆ ತಿರಸ್ಕೃತವಾದ ಅರ್ಜಿ, ಹೆಸರಿನಲ್ಲೋ ಜನ್ಮದಿನಾಂಕದಲ್ಲೋ ದಾಖಲೆಗಳ ನಡುವೆ ವ್ಯತ್ಯಾಸ ಇವು ಬಂದಾಗ ಮಾತ್ರ ಬಲ್ಲವರ ನೆರವು ಹಣಕ್ಕೆ ತಕ್ಕ ಫಲ ಕೊಡುತ್ತದೆ. ಅಂಥಲ್ಲಿ ಒಂದು ಗಂಟೆಯ ಸಲಹೆಗೆ ಹಣ ಕೊಟ್ಟು, "ನಿಮ್ಮ ಯೋಜನೆಗೆ ಈ ವೀಸಾ ಸಿಗುವುದು ಕಷ್ಟ" ಎಂಬ ಮಾತು ಕೇಳಿ ಬಂದರೂ ಅದು ನಷ್ಟವಲ್ಲ. ಆ ಮಾತು ಹೇಳುವ ಧೈರ್ಯವಿರುವ ಸಲಹೆಗಾರ ಸಿಕ್ಕರೆ ಅವರ ವಿಳಾಸ ಬರೆದಿಟ್ಟುಕೊಳ್ಳಬೇಕು.

ಇದೇ ಪ್ರಶ್ನೆ ಈಗ ತಿರುಗಿಕೊಂಡೂ ಬರುತ್ತಿದೆ. ಮನೆಯಲ್ಲೇ ಹೋಂಸ್ಟೇ ನಡೆಸುವ, ಕಾಫಿಯನ್ನೋ ಹಾಳೆ ತಟ್ಟೆಯನ್ನೋ ಹೊರಗೆ ಕಳಿಸಬೇಕೆನ್ನುವ ಪಾಲಕರ ಬಳಿಗೆ ವಿದೇಶಿ ವ್ಯಾಪಾರಿಗಳು ಬರುವುದುಂಟು. ವ್ಯಾಪಾರದ ಮಾತಿಗೆ ಬರುವವರು ಪ್ರವಾಸಿ ವೀಸಾದಲ್ಲಿ ಬರಬಾರದು, ಅದಕ್ಕೆ ಭಾರತ ಸರ್ಕಾರದ ಬಿಸಿನೆಸ್ ವೀಸಾ ಬೇಕು. ಅವರಿಗೆ ಆಹ್ವಾನ ಪತ್ರ ಬರೆದು ಕೊಡುವವರು ಅದರಲ್ಲಿರುವ ಪ್ರತಿ ಮಾತಿಗೂ ಹೊಣೆಗಾರರು. ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಕಂಪ್ಯೂಟರ್ ಬಲ್ಲ ಮಗಳಿರುವ ಮನೆಯಲ್ಲಿ ಈ ಕೆಲಸ ಅವಳದೇ.

ಕೊನೆಗೆ, ಹಣ ಕೊಟ್ಟು ಮೋಸಹೋದವರ ಮಾತು. ನಾಚಿಕೆಪಟ್ಟು ಸುಮ್ಮನಾಗುವವರೇ ಹೆಚ್ಚು. ನೆಂಟರಿಗೆ ತಿಳಿದೀತೆಂಬ ಅಂಜಿಕೆ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಒಂದು ಅನುಕೂಲವಿದೆ. ಏಜೆಂಟನ ಕಚೇರಿ ಬೆಂಗಳೂರಿನಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಅಲ್ಲಿ ಮೊದಲು ಕೇಳುವುದು ರಸೀದಿ ಮತ್ತು ಕರಾರು ಪತ್ರ.